ಮರಳಿ ಹೋದ ಕುದುರೆ ಸವಾರ

ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಕುಂದಲಹಳ್ಳಿಯ ನಾವು ಮೇಣದ ಬತ್ತಿ, ಹೂವು ಹಿಡಿದು ನಮ್ಮವರ ಸಮಾಧಿಗಳತ್ತ ಹೊರಡುತ್ತೇವೆ. ಕೆಲವರಿಗೆ ಹೊಸೂರು ರಸ್ತೆಯ ಸ್ಮಶಾನದವರೆಗೂ ಪಯಣ, ದಾರಿಯುದ್ದಕ್ಕೂ ವಾಹನಗಳ ಸಾಲು! ಸತ್ತವರನ್ನು ಹೂಳುವುದು ದೈಹಿಕ ಕರುಣಾಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಒಂದು ಶವಕ್ಕಾಗಿ ತಮ್ಮ ಪ್ರಾಣವನ್ನೇ ಪಣಕ್ಕಿಟ್ಟ ಕಥೋಲಿಕ ಸೈನಿಕರೊಬ್ಬರನ್ನು ಈ ಸಲ ನೆನೆಯೋಣ.

ಅವರ ಚರಿತ್ರೆಗೆ ನಮ್ಮ ಬೆಂಗಳೂರಿನಿಂದಲೇ ಒಂದು ದಾರಿಯಿದೆ. ನಮ್ಮ ನೆರೆಯ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಹುಟ್ಟಿತು. 1896ರಲ್ಲಿ ಬೆಂಗಳೂರು ದಂಡಿಗೆ ಬಂದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್. ಅವರು ವೈಟ್‌ಫೀಲ್ಡಿಗೆ ಬರುತ್ತಿದ್ದರೆಂಬ ಪ್ರೇಮಕಥೆಯನ್ನು ಹೇಳುವವರಿದ್ದಾರೆ, ಅದು ಹಾಗಿರಲಿ. 1898ರಲ್ಲಿ ಅವರು ತಮ್ಮ ಬೆಂಗಳೂರಿನ ರೆಜಿಮೆಂಟಿನಿಂದ ಎರವಲಾಗಿ ಸುಡಾನ್ ಯುದ್ಧಕ್ಕೆ ಹೋಗಿ 21ನೇ ಲ್ಯಾನ್ಸರ್ಸ್ ಎಂಬ ಅಶ್ವದಳ ಸೇರಿದರು. ಅದೇ ದಳದಲ್ಲಿದ್ದವರು ಕ್ಯಾಪ್ಟನ್ ಪೌಲ್ ಅಲೋಷಿಯಸ್ ಕೆನ್ನಾ. 1862ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಅವರು ಯೇಸುಸಭೆಯವರ ಸ್ಟೋನಿಹರ್ಸ್ಟ್ ಶಾಲೆಯಲ್ಲಿ ಓದಿದವರು. ಮಂಗಳೂರಿನ ಕಾಲೇಜಿಗೂ ಅದೇ ಸಂತ ಅಲೋಷಿಯಸರ ಹೆಸರು.

1898ರ ಸೆಪ್ಟೆಂಬರ್ 2ರಂದು ಓಮ್ದುರ್ಮಾನ್ ಬಯಲಿನಲ್ಲಿ ಸುಮಾರು 400 ಸವಾರರು ಮುನ್ನುಗ್ಗಿದರು. ಎದುರಿಗೆ ಕಂಡದ್ದು ಸಣ್ಣ ಗುಂಪು. ಹಿಂದಿನ ಹಳ್ಳದಲ್ಲಿ ಅಡಗಿದ್ದವರು ಸಾವಿರಾರು. ಎರಡೇ ನಿಮಿಷದಲ್ಲಿ 21 ಮಂದಿ ಸತ್ತರು, 119 ಕುದುರೆಗಳು ನಷ್ಟವಾದವು. ಕುದುರೆ ಕಳೆದುಕೊಂಡ ಮೇಜರ್ ವಿಂಡಮ್ ಅವರನ್ನು ಕೆನ್ನಾ ತಮ್ಮ ಜೀನಿನ ಹಿಂದೆ ಕೂರಿಸಿಕೊಂಡು ಪಾರುಮಾಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಲೆಫ್ಟಿನೆಂಟ್ ಡಿ ಮಾಂಟ್‌ಮೊರೆನ್ಸಿ ಎಂಬವರು ಗೆಳೆಯ ಗ್ರೆನ್‌ಫೆಲ್‌ರನ್ನು ಉಳಿಸಲು ಹಿಂದಿರುಗಿದ್ದರು. ಗ್ರೆನ್‌ಫೆಲ್ ಆಗಲೇ ಸತ್ತಿದ್ದರು. ಶವವನ್ನು ಕುದುರೆಯ ಮೇಲೆ ಹೇರುತ್ತಲೇ ಕುದುರೆ ಬೆದರಿ ಓಡಿತು. ಕೆನ್ನಾ ಮತ್ತು ಕಾರ್ಪೊರಲ್ ಸ್ವಾರ್‌ಬ್ರಿಕ್ ಪುನಃ ಅಲ್ಲಿಗೆ ಹೋಗಿ ಆ ಅಧಿಕಾರಿಯನ್ನು ದಳಕ್ಕೆ ಮರಳಿ ಸೇರಿಸಿದರು. ಶವ ಮಾತ್ರ ಅಲ್ಲೇ ಉಳಿಯಿತು.

ಸುಡಾನ್ ಪದಕ ಅಂದು ಯುದ್ಧದಲ್ಲಿದ್ದ ಎಲ್ಲರಿಗೂ ದೊರಕಿತು. ವಿಕ್ಟೋರಿಯಾ ಕ್ರಾಸ್ ಮಾತ್ರ ಆ ದಳದ ಮೂವರಿಗೆ: ಕೆನ್ನಾ, ಡಿ ಮಾಂಟ್‌ಮೊರೆನ್ಸಿ ಹಾಗೂ ಡಬ್ಲಿನ್‌ನ ಸಾಮಾನ್ಯ ಸಿಪಾಯಿ ಥಾಮಸ್ ಬರ್ನ್. 1856ರಲ್ಲಿ ರಾಣಿ ವಿಕ್ಟೋರಿಯಾ ಸ್ಥಾಪಿಸಿದ ಈ ಪದಕ ಚಿನ್ನವಲ್ಲ, ಬೆಳ್ಳಿಯಲ್ಲ, ಸಾದಾ ಕಂಚಿನ ಶಿಲುಬೆ. ಕೆನ್ನಾರಿಗೆ ಅದು ಬಂದದ್ದು ಕೊಂದದ್ದಕ್ಕಲ್ಲ, ಹಿಂದಿರುಗಿ ಹೋದದ್ದಕ್ಕೆ ಎಂಬುದು ನಮ್ಮ ಮನಸ್ಸಿಗೆ ತಟ್ಟುತ್ತದೆ.

ಆದರೂ ಸತ್ಯ ಮರೆಮಾಡಬಾರದು. ಆ ದಿನ ಬ್ರಿಟಿಷ್-ಈಜಿಪ್ಟ್ ಪಡೆಯಲ್ಲಿ ಸತ್ತವರು 48 ಮಂದಿ. ಸುಡಾನಿಗಳು ಸುಮಾರು 10,000. ತಮ್ಮ ನೆಲದಲ್ಲಿ ನಿಂತು ಮೆಷಿನ್‌ಗನ್ನುಗಳಿಗೆ ಎದೆಯೊಡ್ಡಿದವರು ಅವರು. ಗಾಯಗೊಂಡ ಶತ್ರುಗಳನ್ನು ನಡೆಸಿಕೊಂಡ ರೀತಿಯನ್ನು ಚರ್ಚಿಲ್ಲರೇ 1899ರ ತಮ್ಮ ಪುಸ್ತಕದಲ್ಲಿ ಖಂಡಿಸಿದರು. ಅವರ ಶವಗಳಿಗಾಗಿ ಯಾರೂ ಕುದುರೆ ತಿರುಗಿಸಲಿಲ್ಲ. ನಿನೆವೆಯಲ್ಲಿ ಅರಸನ ಕೋಪಕ್ಕೂ ಅಂಜದೆ ಶವಗಳನ್ನು ಹೂಳಿದ ತೊಬೀತನನ್ನು ನಾವು ಕೊಂಡಾಡುತ್ತೇವೆ. ಅವನು ಹೂಳಿದ್ದೂ ತನ್ನ ಜನರನ್ನೇ.

ಡಿ ಮಾಂಟ್‌ಮೊರೆನ್ಸಿ 1900ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಮಡಿದರು. ಕೆನ್ನಾ ಅಲ್ಲಿಯೂ, ಸೊಮಾಲಿಲ್ಯಾಂಡಿನಲ್ಲಿಯೂ ಹೋರಾಡಿ ಡಿ.ಎಸ್.ಓ. ಗೌರವ ಪಡೆದರು; 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಗೂ ಇಳಿದರು. 1915ರ ಆಗಸ್ಟ್‌ನಲ್ಲಿ ಗಲಿಪೊಲಿಯಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ 53 ವರ್ಷ. ಟರ್ಕಿಯ ಲಾಲಾ ಬಾಬಾ ಸ್ಮಶಾನದಲ್ಲಿ ಅವರ ಹೆಸರಿನ ಸಮಾಧಿಯಿದೆ.

ಈ ನವೆಂಬರಿನಲ್ಲಿ ಬಲಿಪೂಜೆಗೆ ನಮ್ಮ ಮೃತರ ಹೆಸರುಗಳನ್ನು ಬರೆದುಕೊಡುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸೋಣ: ಓಮ್ದುರ್ಮಾನಿನಲ್ಲಿ ಮಡಿದ ಎರಡೂ ಕಡೆಯವರಿಗಾಗಿ.