ಗಾಯವನ್ನೇ ಅಚ್ಚಾಗಿಸಿದ ಗುರು ಸೋಮನಾಥ್ ಹೋರ್

ಅಚ್ಚುಚಿತ್ರ ವಿಭಾಗದ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಹೆಸರಿಗಾಗಿ ತಡಕಾಡಲಿಲ್ಲ. ಈ ದೇಶದಲ್ಲಿ ಎಚ್ಚಿಂಗ್ ಪ್ರೆಸ್ಸಿನ ಚಕ್ರ ತಿರುಗಿಸುವ ನಮ್ಮಂಥವರೆಲ್ಲರ ಮೇಲೂ ಸೋಮನಾಥ್ ಹೋರ್ ಅವರ ಋಣವಿದೆ.

1921ರಲ್ಲಿ ಚಿತ್ತಗಾಂಗ್ ಸೀಮೆಯ ಬರಮಾ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಅವರನ್ನು ಕಲಾವಿದನನ್ನಾಗಿ ಮಾಡಿದ್ದು 1943ರ ಬಂಗಾಳದ ಬರಗಾಲ. ಕಲಾವಿದ ಚಿತ್ತಪ್ರಸಾದರ ಒಡನಾಟದಲ್ಲಿ, ಹಸಿದು ಬೀದಿಗೆ ಬಿದ್ದವರ ಎದುರೇ ನಿಂತು ಚಿತ್ರ ಬರೆದರು. ಕಮ್ಯುನಿಸ್ಟ್ ಪಕ್ಷದ ‘ಜನಯುದ್ಧ’ ಪತ್ರಿಕೆ ಅವನ್ನು ಪ್ರಕಟಿಸಿತು. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಜೈನುಲ್ ಆಬೆದಿನ್ ಗುರುಗಳಾಗಿ ಸಿಕ್ಕರು. ಅಚ್ಚಿನ ವಿದ್ಯೆಯನ್ನು ಸಫಿಉದ್ದೀನ್ ಅಹ್ಮದ್ ಕಲಿಸಿದರು. 1946ರಲ್ಲಿ ಅವರು ರಂಗಪುರದ ಹಳ್ಳಿಗಳಿಗೆ ಹೋದರು. ಬೆಳೆಯ ಮೂರು ಪಾಲಿನಲ್ಲಿ ಎರಡು ತಮಗೇ ಸೇರಬೇಕೆಂದು ಪಾಲಿಗೆ ಉಳುವ ರೈತರು ಎದ್ದುನಿಂತ ತೇಭಾಗಾ ಹೋರಾಟ ಆಗ ಅಲ್ಲಿ ನಡೆದಿತ್ತು. ರೈತರ ನಡುವೆಯೇ ಇದ್ದು ದಿನಚರಿ ಬರೆದರು, ರೇಖಾಚಿತ್ರ ಮಾಡಿದರು. ಮುಂದೆ ಅವುಗಳಿಂದಲೇ ಮರದಚ್ಚಿನ ಚಿತ್ರಗಳು ಹುಟ್ಟಿದವು.

1958ರಿಂದ ದೆಹಲಿಯ ಕಲಾಶಾಲೆಯಲ್ಲಿ ಗ್ರಾಫಿಕ್ಸ್ ವಿಭಾಗ ನೋಡಿಕೊಂಡರು; ರಾಷ್ಟ್ರ ಪ್ರಶಸ್ತಿಗಳೂ ಬಂದವು. ಕಮ್ಯುನಿಸ್ಟ್ ಪಕ್ಷದಿಂದ ದೂರ ಸರಿದದ್ದು, 1967ರಲ್ಲಿ ದೆಹಲಿಯನ್ನೂ ಬಿಟ್ಟದ್ದು, ಇವುಗಳ ಹಿಂದಿನ ಕಾರಣಗಳನ್ನು ಕೆದಕಲು ಈ ಸಂಚಿಕೆ ತಕ್ಕ ಜಾಗವಲ್ಲ. ಹಸಿದವರನ್ನಂತೂ ಅವರು ಬಿಡಲಿಲ್ಲ.

ಆಮೇಲೆ ಅವರನ್ನು ಶಾಂತಿನಿಕೇತನದ ಕಲಾಭವನಕ್ಕೆ ಕರೆಸಿಕೊಂಡವರು ದಿನಕರ ಕೌಶಿಕ್. ಕೌಶಿಕ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬುದನ್ನು ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ಎಪ್ಪತ್ತರ ದಶಕದಲ್ಲಿ ಅಲ್ಲಿ ಮೂಡಿದ ‘ಗಾಯಗಳು’ ಸರಣಿಯೇ ಅವರ ಬಹುದೊಡ್ಡ ಸಾಧನೆ ಎಂಬುದು ನನ್ನ ಖಚಿತ ಅಭಿಪ್ರಾಯ. ಜೇಡಿಮಣ್ಣಿನ ಹಾಳೆಯನ್ನು ಚಾಕುವಿನಿಂದ ಸೀಳಿ, ಇರಿದು, ಅದರ ಮೇಲೆ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳನ್ನು ಒತ್ತುವುದು ಅವರ ಕ್ರಮ. ಶಾಯಿಯ ಹಂಗಿಲ್ಲ. ಒಣಗಿ ಬಂದಾಗ ಬಿಳಿಯ ಮೇಲೆ ಬಿಳಿ, ಕೆಲವೆಡೆ ಮಾತ್ರ ಒಂದಿಷ್ಟು ಕೆಂಪು. ಮನುಷ್ಯನ ಆಕಾರವೇ ಇಲ್ಲ, ಆದರೂ ಚರ್ಮ ಹರಿದದ್ದು ಕಾಣುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳಿಂದ ಮಾಡಿಸಿದಾಗಲೆಲ್ಲ ಕಷ್ಟ ಎಲ್ಲಿದೆಯೆಂದು ತಿಳಿಯುತ್ತದೆ: ತಿರುಳು ಒತ್ತುವುದನ್ನು ಒಂದು ವಾರದಲ್ಲಿ ಕಲಿಯಬಹುದು, ಎಲ್ಲಿ ಸೀಳಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಕಲಿಸಿಕೊಡಲಾಗುವುದಿಲ್ಲ. ಆ ಚಿತ್ರಗಳನ್ನು ಫೋಟೊದಲ್ಲಿ ನೋಡಿ ಏನೂ ಪ್ರಯೋಜನವಿಲ್ಲ. ಓರೆ ಬೆಳಕಿನಲ್ಲಿ, ಕಣ್ಣಾರೆ ನೋಡಬೇಕು.

ಮುಂದಿನ ವರ್ಷಗಳಲ್ಲಿ ಕಂಚಿಗೆ ಕೈಹಾಕಿದರು. ವಿಯೆಟ್ನಾಂ ಜನರ ಹೋರಾಟಕ್ಕೆ ಗೌರವವಾಗಿ 1977ರಲ್ಲಿ ಮುಗಿಸಿದ ದೊಡ್ಡ ತಾಯಿ–ಮಗು ಶಿಲ್ಪ ಕಲಾಭವನದಿಂದಲೇ ಕಳುವಾಯಿತು. ಅವರು ಕಂಚಿನ ಕೆಲಸ ನಿಲ್ಲಿಸಲಿಲ್ಲ. 2006ರಲ್ಲಿ ತೀರಿಕೊಂಡರು. ಪದ್ಮಭೂಷಣ ಬಂದದ್ದು 2007ರಲ್ಲಿ, ಮರಣೋತ್ತರವಾಗಿ. ಅದು ಅವರ ಜೀವಿತಕಾಲದಲ್ಲೇ ಬರಬೇಕಿತ್ತು.