ಯಲಹಂಕದಿಂದ ಎರಡು ದಾರಿ: ನಮ್ಮ ಕಡೆಯ ಚಳಿಗಾಲದ ಪ್ರವಾಸಗಳು

ಹಿಮ ಬೀಳುವ ನಾಡುಗಳಲ್ಲಿ ಡಿಸೆಂಬರ್ ಬಂತೆಂದರೆ ಕುಟುಂಬ ಸಮೇತ ಹೊರಗೆ ಹೋಗುವುದು, ಜಾರುಬಂಡಿ, ದೀಪಾಲಂಕಾರ, ಸಂತೆ ಮುಂತಾದ ಸಂಭ್ರಮಗಳ ವರ್ಣನೆಯನ್ನು ನಾವು ಓದುತ್ತೇವೆ. ನಮ್ಮಲ್ಲಿ ಹಿಮವಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಆದರೆ ಚಳಿಗಾಲದ ಪ್ರವಾಸದ ಇತಿಹಾಸ ನಮಗೂ ಉಂಟು. ಅದು ಪಠ್ಯಪುಸ್ತಕಗಳಲ್ಲಿ ಸೇರಲಿಲ್ಲ, ಅಷ್ಟೆ. ಆ ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಉತ್ತರದ ಭೂಪಟವನ್ನು ನೋಡಿದರೆ ಯಲಹಂಕದಲ್ಲಿ ರೈಲುಹಾದಿ ಕವಲೊಡೆಯುವುದು ಕಾಣುತ್ತದೆ. ಒಂದು ಕವಲು ದೊಡ್ಡಬಳ್ಳಾಪುರ, ಮಾಕಳಿದುರ್ಗಗಳ ಮೂಲಕ ಹಿಂದೂಪುರದ ಕಡೆಗೆ ಹೋಗುತ್ತದೆ. ಇನ್ನೊಂದು ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿಗಳನ್ನು ದಾಟಿ ಚಿಕ್ಕಬಳ್ಳಾಪುರವನ್ನು ಸೇರುತ್ತದೆ. ಎರಡನೆಯದು 1915ರಲ್ಲಿ ಆರಂಭವಾದ ಕಿರುಹಳಿಯ ಮಾರ್ಗ. ಹಳಿಗಳ ನಡುವಿನ ಅಂತರ ಕೇವಲ ಎರಡೂವರೆ ಅಡಿ. ನಮ್ಮ ಜನ ಅದನ್ನು ಪ್ರೀತಿಯಿಂದ ‘ಚಿಕ್ಕ ರೈಲು’ ಎನ್ನುತ್ತಿದ್ದರು. ಚಳಿಗಾಲದಲ್ಲಿ ಮೊದಲ ಕವಲು ಘಾಟಿ ಸುಬ್ರಹ್ಮಣ್ಯಕ್ಕೂ, ಎರಡನೆಯದು ನಂದಿ ಬೆಟ್ಟಕ್ಕೂ ನಮ್ಮನ್ನು ಕರೆದೊಯ್ಯುತ್ತಿದ್ದವು.

ಮೊದಲು ಘಾಟಿಯ ವಿಚಾರ. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖವಾಗಿ ಸುಬ್ರಹ್ಮಣ್ಯನೂ, ಪಶ್ಚಿಮಾಭಿಮುಖವಾಗಿ ನರಸಿಂಹನೂ ಇದ್ದಾರೆ. ಹಿಂಬದಿಯ ನರಸಿಂಹನ ದರ್ಶನವಾಗುವುದು ಕನ್ನಡಿಯಲ್ಲಿ. ಪುಷ್ಯ ಶುದ್ಧ ಷಷ್ಠಿಯಂದು ಬ್ರಹ್ಮರಥೋತ್ಸವ. ಅದರ ಆಸುಪಾಸಿನಲ್ಲಿ ದನಗಳ ಜಾತ್ರೆ. ಜಾತ್ರೆ ಈ ಕಾಲದಲ್ಲಿಯೇ ಏಕೆ? ಉತ್ತರ ಹೊಲದಲ್ಲಿದೆ. ಆ ವೇಳೆಗೆ ರಾಗಿ ಕಟಾವಾಗಿ ಬಣವೆ ಸೇರಿರುತ್ತದೆ, ಕಣದ ಕೆಲಸ ಮುಗಿಯುತ್ತ ಬಂದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮುಂದಿನ ಉಳುಮೆಗೆ ಇನ್ನೂ ತಿಂಗಳುಗಳಿರುತ್ತವೆ. ಹಳ್ಳಿಕಾರ್ ಹೋರಿಗಳನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ಇದಕ್ಕಿಂತ ತಕ್ಕ ಸಮಯವಿಲ್ಲ. ಹಗ್ಗ, ಮೂಗುದಾರ, ಗೆಜ್ಜೆ, ಗಂಟೆಗಳ ಅಂಗಡಿಗಳು ಒಂದು ಕಡೆ. ಬೆಂಡು, ಬತ್ತಾಸು, ಕಡಲೆಪುರಿಯ ರಾಶಿ ಇನ್ನೊಂದು ಕಡೆ.

ನಮ್ಮ ತಾಯಿಯವರು ವರ್ಷಕ್ಕೊಮ್ಮೆ ಊರು ಬಿಟ್ಟು ಹೊರಡುತ್ತಿದ್ದುದು ಘಾಟಿಗೆ ಮಾತ್ರ. ಮಕ್ಕಳ ಸಲುವಾಗಿ ನಾಗನಿಗೆ ಹೊತ್ತ ಹರಕೆ ಅದು. ಹರಕೆ ತೀರಿದ ಮೇಲೂ ಅವರು ಹೊಸ ಹರಕೆ ಹೊರುತ್ತಿದ್ದರು. ‘ಅಮ್ಮ, ಇದು ಯಾತರದ್ದು?’ ಎಂದು ಕೇಳಿದರೆ, ‘ನಿನಗ್ಯಾಕಪ್ಪ, ಸುಮ್ಮನೆ ಬಾ’ ಎನ್ನುತ್ತಿದ್ದರು. ಆ ಕಾಲದ ಹೆಂಗಸರಿಗೆ ‘ಪ್ರವಾಸ’ ಎಂಬ ಹೆಸರಿನಲ್ಲಿ ಮನೆಯಿಂದ ಹೊರಡಲು ಅಪ್ಪಣೆ ಇರಲಿಲ್ಲ. ದೇವರ ಹೆಸರಿನಲ್ಲಿ ಇತ್ತು. ಒಂದು ದಿನ ಒಲೆಯ ಮುಂದೆ ಕೂರದೆ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ನೆಂಟರಿಷ್ಟರೊಡನೆ ನಗುವ ಹಕ್ಕನ್ನು ಅವರು ಹೀಗೆ ಪಡೆದುಕೊಂಡಿದ್ದರು. ಜಾತ್ರೆಗಳ ಇತಿಹಾಸ ಬರೆಯುವವರು ಈ ಅಂಶವನ್ನು ಗಮನಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನು ನಂದಿ. 1478 ಮೀಟರ್ ಎತ್ತರದ ಈ ಬೆಟ್ಟದ ಬಗ್ಗೆ ಪಾಠದಲ್ಲಿ ನಾನು ಹೇಳುತ್ತಿದ್ದುದು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೋಟೆಯನ್ನು ಹಿಡಿದ ಸಂಗತಿ, ಕಮಿಷನರ್ ಕಬ್ಬನ್ನರ ಬಂಗಲೆ, ಗಾಂಧೀಜಿಯವರು 1927ರಲ್ಲಿಯೂ 1936ರಲ್ಲಿಯೂ ಅಲ್ಲಿ ತಂಗಿದ್ದುದು. ಗಮನಿಸಿ: ಗಾಂಧೀಜಿ ಎರಡು ಸಲವೂ ಬಂದದ್ದು ಬೇಸಿಗೆಯಲ್ಲಿ. ಆಂಗ್ಲ ಅಧಿಕಾರಿಗಳಿಗೂ ಅದು ಬೇಸಿಗೆಯ ತಾಣ. ಚಳಿಗಾಲದ ನಂದಿ ಸಾಮಾನ್ಯರದು, ಶಾಲಾ ಮಕ್ಕಳದು. ಕ್ರಿಸ್‌ಮಸ್ ರಜೆಯಲ್ಲಿ ಚಿಕ್ಕ ರೈಲಿನಲ್ಲಿ ಕುಳಿತು, ದೇವನಹಳ್ಳಿಯ ಚಕ್ಕೋತ ಸುಲಿದು ತಿನ್ನುತ್ತ, ನಂದಿ ನಿಲ್ದಾಣದಲ್ಲಿ ಇಳಿದು ನಡೆಯುವುದು. ಬುಡದಲ್ಲಿ ಸುಮಾರು ಒಂಬತ್ತನೆಯ ಶತಮಾನದಷ್ಟು ಹಳೆಯ ಭೋಗನಂದೀಶ್ವರ, ತುದಿಯಲ್ಲಿ ಯೋಗನಂದೀಶ್ವರ. ಬುತ್ತಿಯಲ್ಲಿ ಸೊಗಡು ಅವರೆಕಾಳಿನ ಉಪ್ಪಿಟ್ಟು.

ಬೆಟ್ಟದ ಮೇಲಿಂದ ಕಾಣುವ ಬಿಳಿಯ ಕಡಲನ್ನು ಕಂಡು ಮಕ್ಕಳು ‘ಸಾರ್, ಹಿಮ!’ ಎನ್ನುತ್ತಿದ್ದರು. ಅದು ಹಿಮವಲ್ಲ, ಮಂಜು. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ನೆಲದ ಮೇಲಿನ ತೇವದ ಗಾಳಿ ತಣಿದು ಸೂಕ್ಷ್ಮ ಹನಿಗಳಾಗಿ ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಈ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ನಂದಿಯ ಮೇಲೆ ಒಮ್ಮೆ ತೋರಿಸಿದಷ್ಟು ಮನಸ್ಸಿಗೆ ಇಳಿಯುತ್ತಿರಲಿಲ್ಲ.

ಕಾಲ ಬದಲಾಯಿತು. ಚಿಕ್ಕ ರೈಲಿನ ಹಳಿಗಳು ಹೋಗಿ ಅಗಲ ಹಳಿಗಳು ಬಂದವು. ಚಿಕ್ಕಬಳ್ಳಾಪುರ–ಕೋಲಾರ ಭಾಗವೂ 2013ರಲ್ಲಿ ಪರಿವರ್ತನೆಗೊಂಡಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. 2021ರ ಜನವರಿಯಲ್ಲಿ ಅದಕ್ಕಾಗಿಯೇ ಇದೇ ಹಳಿಯ ಮೇಲೊಂದು ನಿಲುಗಡೆಯೂ ಬಂತು. ಟ್ರ್ಯಾಕ್ಟರ್ ಬಂದ ಮೇಲೆ ಉಳುವ ಎತ್ತಿನ ಅಗತ್ಯ ಕುಗ್ಗಿತು. ಎತ್ತಿಲ್ಲದ ಮನೆಯ ಮಗುವಿಗೆ ದನಗಳ ಜಾತ್ರೆ ಬರಿಯ ನೋಟವಾಯಿತು. ವಾರಾಂತ್ಯದ ನಸುಕಿನಲ್ಲಿ ನಂದಿಯ ರಸ್ತೆಯಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಸೂರ್ಯೋದಯವನ್ನು ಫೋನಿನಲ್ಲಿ ಹಿಡಿದು ಜನ ಹಿಂತಿರುಗುತ್ತಾರೆ. ಬುಡದಲ್ಲಿರುವ ಸಾವಿರ ವರ್ಷದ ದೇಗುಲವನ್ನು ಅನೇಕರು ನೋಡುವುದೇ ಇಲ್ಲ.

ಇದು ಹಳೆಯದೆಲ್ಲ ಚೆನ್ನಿತ್ತೆಂಬ ವೃದ್ಧರ ಗೊಣಗಾಟವಲ್ಲ. ಇಂದಿನ ಹೆಣ್ಣುಮಕ್ಕಳಿಗೆ ಹೊರಡಲು ಹರಕೆಯ ನೆಪ ಬೇಕಾಗಿಲ್ಲ ಎಂಬುದು ದೊಡ್ಡ ಲಾಭವೇ ಸರಿ. ಆದರೆ ಪ್ರವಾಸವು ಸುಗ್ಗಿಯೊಡನೆ, ಹೊಲದೊಡನೆ, ನೆಂಟರೊಡನೆ ಹೊಂದಿದ್ದ ಸಂಬಂಧ ಕಡಿದುಹೋದರೆ ಅದು ನಷ್ಟ. ಓದುಗ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ: ಈ ಚಳಿಗಾಲದಲ್ಲಿ ಒಂದು ದಿನ ಮೊಮ್ಮಕ್ಕಳನ್ನು ಕರೆದುಕೊಂಡು ಯಲಹಂಕದಿಂದ ಎರಡರಲ್ಲಿ ಒಂದು ದಾರಿ ಹಿಡಿಯಿರಿ. ದಾರಿಯಲ್ಲಿ ಕಾಣುವ ರಾಗಿಯ ಬಣವೆಯನ್ನು ತೋರಿಸಿ, ಅದರ ಹೆಸರನ್ನು ಕನ್ನಡದಲ್ಲಿ ಹೇಳಿಕೊಡಿ.