ಒಂದು ಕೊಲೆ, 14 ಲೇಖಕರು, ಯಾರಿಗೂ ಗೊತ್ತಿಲ್ಲದ ಕೊಲೆಗಾರ

ಇವತ್ತಿನ ಎಪಿಸೋಡ್ ಒಂದು ವಿಚಿತ್ರ ಪತ್ತೇದಾರಿ ಕಾದಂಬರಿ ಬಗ್ಗೆ. ಒಬ್ಬ ಲೇಖಕ ಮೊದಲ ಅಧ್ಯಾಯದಲ್ಲಿ ಹೆಣ ಹಾಕಿ ಎದ್ದು ಹೋಗ್ತಾರೆ. ಇನ್ನೊಬ್ಬರು ಬಂದು ತನಿಖೆ ಮುಂದುವರಿಸ್ತಾರೆ. ಅವರು ಮೂರನೆಯವರಿಗೆ ಬಿಟ್ಟು ಹೋಗ್ತಾರೆ. ಖೋಖೋ ಆಟದ ಥರ. ಒಂದೇ ವ್ಯತ್ಯಾಸ ಅಂದ್ರೆ, ಇಲ್ಲಿ ಹಿಡೀಬೇಕಾದ್ದು ಯಾರನ್ನ ಅಂತ ಅಟ್ಟಿಸಿಕೊಂಡು ಹೋಗೋರಿಗೇ ಗೊತ್ತಿಲ್ಲ.

ಪುಸ್ತಕದ ಹೆಸರು ‘ದಿ ಫ್ಲೋಟಿಂಗ್ ಅಡ್ಮಿರಲ್’. ಇಂಗ್ಲೆಂಡಿನಲ್ಲಿ 1931ರಲ್ಲಿ ಬಂತು. ಬರೆದದ್ದು ‘ಡಿಟೆಕ್ಷನ್ ಕ್ಲಬ್’ ಅನ್ನೋ ಲಂಡನ್ನಿನ ಲೇಖಕರ ಕೂಟ. ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್, ಆಂಥನಿ ಬರ್ಕ್ಲಿ ಎಲ್ಲ ಸದಸ್ಯರು. ಮೊದಲ ಅಧ್ಯಕ್ಷರು ಜಿ.ಕೆ. ಚೆಸ್ಟರ್‌ಟನ್. ಕ್ಲಬ್ಬಿಗೆ ಸೇರೋರು ಒಂದು ಪ್ರಮಾಣ ಮಾಡಬೇಕಿತ್ತು: ನಮ್ಮ ಪತ್ತೇದಾರರು ಬುದ್ಧಿಯಿಂದಲೇ ಅಪರಾಧ ಬಿಡಿಸ್ತಾರೆ, ದೈವವಾಣಿಯನ್ನೋ ಕಾಕತಾಳೀಯವನ್ನೋ ನಂಬಿ ಅಲ್ಲ ಅಂತ. ತಮಾಷೆಯ ಪ್ರಮಾಣವೇ, ಆದರೆ ಹಿಂದೆ ಒಂದು ಗಟ್ಟಿ ವಿಚಾರ ಇದೆ. ಓದುಗರಿಗೆ ಮೋಸ ಮಾಡಬಾರದು.

ನನ್ನಂಥ ಪಾಡ್‌ಕಾಸ್ಟರಿಗೆ ಖುಷಿ ಕೊಡೋ ವಿಷಯ ಏನಂದ್ರೆ, ಈ ಆಟ ಶುರುವಾದದ್ದು ರೇಡಿಯೋದಲ್ಲಿ. 1930ರಲ್ಲಿ ಬಿಬಿಸಿಯಲ್ಲಿ ‘ಬಿಹೈಂಡ್ ದಿ ಸ್ಕ್ರೀನ್’ ಅಂತ ಆರು ಕಂತಿನ ಧಾರಾವಾಹಿ ಬಂತು. ಆರು ಲೇಖಕರು, ತಲಾ ಒಂದು ಕಂತು, ಓದೋದೂ ಅವರೇ. ಪಠ್ಯ ‘ದಿ ಲಿಸನರ್’ ಪತ್ರಿಕೆಯಲ್ಲಿ ಅಚ್ಚಾಗ್ತಿತ್ತು. ಆಡಿಯೋ ಜೊತೆಗೆ ಟ್ರಾನ್ಸ್‌ಕ್ರಿಪ್ಟ್! ನೀವು ಈಗ ಓದ್ತಿರೋದಕ್ಕೆ 90 ವರ್ಷಕ್ಕೂ ಹಳೇ ಅಣ್ಣ. ಮರುವರ್ಷ ‘ದಿ ಸ್ಕೂಪ್’ ಅಂತ ಹನ್ನೆರಡು ಕಂತಿನ ಇನ್ನೊಂದು ಬಂತು.

ಆ ಸರಣಿಗಳಲ್ಲಿ ಲೇಖಕರು ಸ್ವಲ್ಪವಾದರೂ ಮಾತಾಡಿಕೊಂಡು ಬರೆದಿದ್ದರು. ‘ಅಡ್ಮಿರಲ್’ನಲ್ಲಿ ಅದೂ ಇಲ್ಲ. ವಿನ್ ಅನ್ನೋ ನದಿಯಲ್ಲಿ ಒಂದು ದೋಣಿ ತೇಲಿ ಬರುತ್ತೆ. ಒಳಗೆ ನಿವೃತ್ತ ನೌಕಾಧಿಕಾರಿಯ ಶವ. ದೋಣಿ ಊರಿನ ಪಾದ್ರಿಯದು. ಇನ್‌ಸ್ಪೆಕ್ಟರ್ ರಜ್ ತನಿಖೆಗೆ ಬರ್ತಾರೆ. ಮುಂದಿನದು ಮುಂದಿನವರ ಪಾಡು. ಒಟ್ಟು 12 ಅಧ್ಯಾಯ, ಒಂದು ಮುನ್ನುಡಿ ಕಥೆ, 14 ಜನ ಲೇಖಕರು. ಹಾಂಕಾಂಗ್‌ನಲ್ಲಿ ನಡೆಯೋ ಆ ಮುನ್ನುಡಿ ಕಥೆಯನ್ನ ಚೆಸ್ಟರ್‌ಟನ್ ಬರೆದದ್ದು ಎಲ್ಲರಿಗಿಂತ ಕೊನೆಗೆ.

ಸೇಯರ್ಸ್ ಪೀಠಿಕೆಯಲ್ಲಿ ಎರಡು ನಿಯಮ ಹೇಳ್ತಾರೆ. ಒಂದು, ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ಒಂದು ಖಚಿತ ಉತ್ತರ ಇಟ್ಟುಕೊಂಡೇ ಬರೀಬೇಕು. ಮುಂದಿನವರನ್ನ ಸಿಕ್ಕಿಸೋಕೆ ಅಂತಲೇ ಹೊಸ ತೊಡಕು ಹಾಕೋ ಹಾಗಿಲ್ಲ. ಎರಡು, ಹಿಂದಿನವರು ಬಿಟ್ಟ ಪ್ರತಿ ಸುಳಿವಿಗೂ ಲೆಕ್ಕ ಕೊಡಬೇಕು. ನಾನು ಬಿ.ಕಾಂ ಓದಿದವನು, ನನಗಿದು ಥಟ್ಟನೆ ಅರ್ಥವಾಯ್ತು. ಹಿಂದಿನ ವರ್ಷದ ಬಾಕಿ ಈ ವರ್ಷದ ಪುಸ್ತಕಕ್ಕೆ ಬಂದೇ ಬರಬೇಕು, ನಂಗೆ ಬೇಡ ಅಂತ ಹೊಡೆದು ಹಾಕೋ ಹಾಗಿಲ್ಲ. ಮೊದಲ ಎರಡು ಅಧ್ಯಾಯದವರನ್ನ ಬಿಟ್ಟು ಉಳಿದವರೆಲ್ಲ ತಮ್ಮ ಅಧ್ಯಾಯದ ಜೊತೆಗೆ ತಮ್ಮ ಉತ್ತರವನ್ನೂ ಬರೆದು ಕೊಡಬೇಕಿತ್ತು. ಹಿಂದಿನವರ ಮನಸ್ಸಲ್ಲಿ ಏನಿತ್ತು ಅಂತ ಮಾತ್ರ ಯಾರಿಗೂ ಹೇಳ್ತಿರಲಿಲ್ಲ.

ಆಮೇಲೆ ಬಾಕಿ ಬೆಳೀತಾ ಹೋಯ್ತು. ಎಂಟನೇ ಅಧ್ಯಾಯ ಬರೆದ ರೊನಾಲ್ಡ್ ನಾಕ್ಸ್ ಪಾದ್ರಿ ಕೂಡ ಹೌದು. ಅವರು ಅಲ್ಲಿವರೆಗಿನ ಅನುಮಾನಗಳನ್ನೆಲ್ಲ ಪಟ್ಟಿ ಮಾಡಿದರು. ಎಷ್ಟು ಗೊತ್ತಾ? 39! ಅದರಲ್ಲಿ ಆಂಗ್ಲಿಕನ್ ಚರ್ಚಿನ 39 ಧರ್ಮಸೂತ್ರಗಳ ಮೇಲೆ ಒಂದು ಚಟಾಕಿನೂ ಇದೆ. ಹನ್ನೊಂದನೇ ಅಧ್ಯಾಯದ ಕ್ಲೆಮೆನ್ಸ್ ಡೇನ್ ತಮ್ಮ ಉತ್ತರದ ಜಾಗದಲ್ಲಿ, ನನಗೆ ಪೂರ್ತಿ ಗೊಂದಲ ಆಗಿದೆ ಅನ್ನೋ ಅರ್ಥದ ಮಾತನ್ನ ನೇರವಾಗಿ ಬರೆದುಬಿಟ್ಟರು. ಕೊನೆಗೆ ಎಲ್ಲ ಗಂಟು ಬಿಡಿಸೋ ಕೆಲಸ ಬಿದ್ದದ್ದು ಬರ್ಕ್ಲಿ ತಲೆ ಮೇಲೆ. ಅವರು ಆ ಅಧ್ಯಾಯಕ್ಕೆ ಇಟ್ಟ ಹೆಸರೇ ‘ಕ್ಲಿಯರಿಂಗ್ ಅಪ್ ದಿ ಮೆಸ್’. ಅಂದ್ರೆ, ಈ ರಾದ್ಧಾಂತ ಸರಿಮಾಡೋದು.

ಕೊಲೆಗಾರ ಯಾರು ಅಂತ ನಾನು ಹೇಳಲ್ಲ, ಸ್ಪಾಯ್ಲರ್ ಆಗುತ್ತೆ. ಆದರೆ ಪುಸ್ತಕದ ನಿಜವಾದ ಸ್ಫೋಟ ಇರೋದು ಕೊನೇ ಅಧ್ಯಾಯದಲ್ಲಿ ಅಲ್ಲ, ಅನುಬಂಧದಲ್ಲಿ. ಅಲ್ಲಿ ಲೇಖಕರು ಬರೆದುಕೊಟ್ಟ ಉತ್ತರಗಳನ್ನೆಲ್ಲ ಸಾಲಾಗಿ ಅಚ್ಚು ಹಾಕಿದ್ದಾರೆ. ದೋಣಿ ಕಟ್ಟಿದ ರೀತಿಯ ಬಗ್ಗೆ ಒಂದು ಟಿಪ್ಪಣಿ ಇದೆ, ಕಥೆಯ ಒಂದು ವಿಲ್ ಬಗ್ಗೆ ವಕೀಲರ ಅಭಿಪ್ರಾಯವೂ ಇದೆ. ಅಷ್ಟು ಶ್ರದ್ಧೆ! ಆದರೂ ಉತ್ತರಗಳು ಒಂದಕ್ಕೊಂದು ತಾಳೆ ಆಗಲ್ಲ. ಅದೇ ಹೆಣ, ಅದೇ ದೋಣಿ, ಅದೇ ಕತ್ತರಿಸಿದ ಹಗ್ಗ. ಆ ಕಾಲದ ಅತಿ ಚುರುಕಾದ ಪತ್ತೇದಾರಿ ತಲೆಗಳು ಪ್ರಾಮಾಣಿಕವಾಗಿ ಯೋಚಿಸಿ ಬೇರೆ ಬೇರೆ ಕಡೆ ಬೆರಳು ತೋರಿಸಿವೆ.

ಇದನ್ನ ಓದಿದ ಮೇಲೆ ನನಗೆ ನ್ಯೂಸ್ ನೋಡೋ ರೀತಿಯೇ ಬದಲಾಯ್ತು. ಯಾವುದಾದರೂ ಕೊಲೆ ಕೇಸ್ ಬಂದ ಅರ್ಧ ಗಂಟೆಯಲ್ಲಿ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ತೀರ್ಪು ಬಂದಿರುತ್ತೆ ಅಲ್ವಾ? ಒಂದು ಸಿಸಿಟಿವಿ ತುಣುಕು, ಒಂದು ಸ್ಕ್ರೀನ್‌ಶಾಟ್, ಕೇಸ್ ಕ್ಲೋಸ್. ಪತ್ತೇದಾರಿ ಕಥೆಗಳು ನಮಗೆ ಆ ಧೈರ್ಯ ಕೊಟ್ಟಿವೆ, ಯಾಕಂದ್ರೆ ಅಲ್ಲಿ ಪ್ರತಿ ಸುಳಿವೂ ಒಂದೇ ಉತ್ತರದ ಕಡೆ ನಡೆಯುತ್ತೆ. ನಡೆಯಲೇಬೇಕು, ಲೇಖಕರು ಉತ್ತರ ಮೊದಲೇ ತಿಳಿದು ಸುಳಿವು ಇಟ್ಟಿರ್ತಾರೆ. ಆ ಅನುಕೂಲ ಕಿತ್ತುಕೊಂಡರೆ ಕ್ರಿಸ್ಟಿ, ಸೇಯರ್ಸ್ ಕೂಡ ಒಮ್ಮತಕ್ಕೆ ಬರಲ್ಲ. ಹೀಗಿರೋವಾಗ, ನಿಜವಾದ ಒಬ್ಬ ಮನುಷ್ಯನ ಹೆಸರನ್ನ ಕಾಮೆಂಟ್‌ನಲ್ಲಿ ಬರೆಯೋಕೆ ಮುಂಚೆ ನಾವು ಎಷ್ಟು ತಡೀಬೇಕು?

ಓದೋ ಮನಸ್ಸಿದ್ದರೆ ಹೀಗೆ ಮಾಡಿ. ಹನ್ನೊಂದನೇ ಅಧ್ಯಾಯ ಮುಗಿದ ತಕ್ಷಣ ನಿಲ್ಲಿಸಿ. ನಿಮ್ಮ ಉತ್ತರ, ಅದಕ್ಕೆ ಕಾರಣ, ಎರಡನ್ನೂ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ಆಮೇಲೆ ಬರ್ಕ್ಲಿ, ಆಮೇಲೆ ಅನುಬಂಧ. ಬರೆದಿದ್ದನ್ನ ಮಧ್ಯದಲ್ಲಿ ತಿದ್ದೋ ಹಾಗಿಲ್ಲ. ಸಿಗೋಣ ಮುಂದಿನ ವಾರ.